ಹತ್ತು ಗಂಟೆಯ ವಾಸನೆ

ಆ ಕೆಲಸಕ್ಕೆ ನನ್ನನ್ನು ಹಾಕಿದ್ದು ತಪ್ಪು ಎಂಬುದು ಮೊದಲ ದಿನವೇ ಎಲ್ಲರಿಗೂ ಗೊತ್ತಾಯಿತು. ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ಏಳು ಜನ ಹೆಂಗಸರು ಮೀನು ಒಣಗಿಸಿ ಸುತ್ತಲಿನ ಸಂತೆಗಳಲ್ಲಿ ಮಾರುತ್ತಿದ್ದರು. ಅವರ ಗುಂಪಿಗೆ ಮೇಲ್ವಿಚಾರಕಿಯಾಗಿ ಹೋದ ನಾನು ಹಲಸಂಗಿಯವಳು. ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ಹೊಸ್ತಿಲು ದಾಟಿಸುವುದಿಲ್ಲ. ಸ್ಕೂಟರಿನಿಂದ ಇಳಿಯುವ ಮೊದಲೇ ಕರ್ಚೀಫಿಗೆ ತಲೆನೋವಿನ ಮುಲಾಮು ಬಳಿದು ಮೂಗಿಗೆ ಕಟ್ಟಿಕೊಂಡಿದ್ದೆ. ಕಣ್ಣಲ್ಲಿ ನೀರು ಬರುತ್ತಿತ್ತು, ಅದು ಮುಲಾಮಿಗೋ ಮೀನಿಗೋ ನನಗೇ ತಿಳಿಯಲಿಲ್ಲ.

"ಅಕ್ಕೋರ, ಮೂಗು ಕಟಗೊಂಡು ಮಾತಾಡಿದ್ರ ನಮಗ ಕೇಳಂಗಿಲ್ರಿ" ಎಂದಳು ಗುಂಪಿನ ಹಿರಿಯಾಕೆ.

ಉಳಿದ ಆರು ಜನ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬೇಗ ಬರುತ್ತದೆ, ಹೋಗುವುದು ಮಾತ್ರ ತಡ. ಕರ್ಚೀಫನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿಕೊಂಡು ನೋಟ್‌ಬುಕ್ ತೆಗೆದೆ.

ನನ್ನನ್ನು ಅಲ್ಲಿಗೆ ಕಳಿಸಿದ್ದು ಒಂದು ಅರ್ಜಿಯ ಕಾರಣಕ್ಕೆ. ಮೀನು ಹರವುವ ದಿಬ್ಬದ ಉತ್ತರಕ್ಕೆ ಕಾಲುವೆ ನೌಕರರ ವಸತಿಮನೆಗಳಿವೆ. ಅಲ್ಲಿಯವರು ಇಪ್ಪತ್ತಕ್ಕೂ ಹೆಚ್ಚು ಸಹಿ ಹಾಕಿ, ದಿನಾ ಬೆಳಿಗ್ಗೆ ಹತ್ತರ ಸುಮಾರಿಗೆ ಮನೆಯೊಳಗೆ ಕೂಡಲಾಗದಷ್ಟು ನಾತ ಬರುತ್ತದೆ, ಮಕ್ಕಳು ಊಟ ಬಿಟ್ಟೇಳುತ್ತಾರೆ, ಮೀನು ಒಣಗಿಸುವುದನ್ನು ನಿಲ್ಲಿಸಬೇಕು ಎಂದು ಬರೆದುಕೊಟ್ಟಿದ್ದರು. ಜಾಗ ಸರಕಾರದ್ದು. ಬಸವನ ಬಾಗೇವಾಡಿಯ ಕಚೇರಿಯಲ್ಲಿ ಸಾಹೇಬರು ಅರ್ಜಿಯನ್ನು ನನ್ನ ಮುಂದೆ ತಳ್ಳಿ ಚುಟುಕಾಗಿ ಹೇಳಿದ್ದರು: "ಒಂದು ತಿಂಗಳು ಟೈಮ್ ಕೊಡ್ತೇನಿ. ವಾಸನಿ ಹೋಗಬೇಕು, ಇಲ್ಲಾ ಅವರು ಹೋಗಬೇಕು."

ಹೋಗುವುದಾದರೂ ಎಲ್ಲಿಗೆ? ದಂಡೆಯ ಗುಂಟ ನಾನೇ ಎರಡು ದಿನ ಓಡಾಡಿ ನೋಡಿದೆ. ಒಂದು ಕಡೆ ಮೊಣಕಾಲುದ್ದ ಕೆಸರು, ಇನ್ನೊಂದು ಕಡೆ ಬರೀ ಬಂಡೆ. ದೋಣಿ ಹತ್ತುವ ಜಾಗಕ್ಕೆ ಹತ್ತಿರವಾಗಿ, ಗಟ್ಟಿ ನೆಲವಿದ್ದು, ಮೂರು ಕಡೆಯಿಂದ ಗಾಳಿ ಬರುವುದು ಆ ದಿಬ್ಬ ಒಂದಕ್ಕೇ. ಅದು ಕೈತಪ್ಪಿದರೆ ಹಸಿ ಮೀನನ್ನು ದೋಣಿಯಿಂದ ನೇರ, ಮೀನು ಸಗಟಾಗಿ ಕೊಳ್ಳುವ ಗುತ್ತಿಗೆದಾರನ ಗಾಡಿಗೆ ಸುರಿಯಬೇಕು. ಮೀನು ಆಗಲೂ ಇರುತ್ತದೆ. ಈ ಏಳು ಜನರಿಗೆ ಕೆಲಸ ಇರುವುದಿಲ್ಲ.

ಮೊದಲ ವಾರ ಅವರ ಕೆಲಸ ನೋಡುತ್ತ ಕುಳಿತೆ. ಹೊತ್ತು ಮೂಡುವಾಗ ದೋಣಿಗಳು ಬರುತ್ತವೆ. ಬೆರಳುದ್ದದ ಸಣ್ಣ ಮೀನನ್ನು ತೊಳೆದು ಇಡಿಯಾಗಿಯೇ ಹರವುತ್ತಾರೆ. ದೊಡ್ಡ ಮೀನಿನ ಹೊಟ್ಟೆ ಸೀಳಿ, ಕರುಳು ತೆಗೆದು, ಮೂರು ನೀರಿನಲ್ಲಿ ತೊಳೆದು, ನಾಲ್ಕು ಪಾಲು ಮೀನಿಗೆ ಒಂದು ಪಾಲು ಉಪ್ಪಿನಂತೆ ಬುಟ್ಟಿಯಲ್ಲಿ ಪದರ ಪದರವಾಗಿ ಇಡುತ್ತಾರೆ. ಮರುದಿನ ಬಿಸಿಲಿಗೆ ಹಾಕಿ ಆಗಾಗ ಮಗುಚುತ್ತಾರೆ. ಸಣ್ಣದಕ್ಕೆ ಮೂರು ಬಿಸಿಲು, ದೊಡ್ಡದಕ್ಕೆ ಐದಾರು. ಒಣಗಿತೋ ಇಲ್ಲವೋ ಎಂದು ತಿಳಿಯಲು ಹಿರಿಯಾಕೆ ಮೀನನ್ನು ಬಗ್ಗಿಸಿ ಮುರಿಯುತ್ತಿದ್ದಳು, ಮುರಿದ ತುದಿಯನ್ನು ಮೂಸುತ್ತಿದ್ದಳು. ಕೆಲವನ್ನು ಬುಟ್ಟಿಗೆ ಹಾಕುತ್ತಿದ್ದಳು, ಕೆಲವನ್ನು ಮತ್ತೆ ಬಿಸಿಲಿಗೆ. ನನ್ನ ಪಾಲಿಗೆ ಎಲ್ಲವೂ ಒಂದೇ ನಾತ.

ಮಧ್ಯಾಹ್ನ ಅವರು ಒಣ ಮೀನನ್ನು ಕೆಂಡದ ಮೇಲೆ ಸುಟ್ಟು, ಬಳ್ಳೊಳ್ಳಿ ಮತ್ತು ಕೆಂಪು ಖಾರದ ಜೊತೆ ಕುಟ್ಟಿ, ಬಿಸಿ ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಿದ್ದರು. ಮುಷ್ಟಿಯಿಂದ ಗುದ್ದಿದ ಉಳ್ಳಾಗಡ್ಡಿ ಪಕ್ಕಕ್ಕೆ. ತಿನ್ನುವಾಗ ಯಾರೂ ಮಾತಾಡುತ್ತಿರಲಿಲ್ಲ. ಖಾರಕ್ಕೆ ಹಾ ಹಾ ಎನ್ನುತ್ತ ಬೆರಳು ನೆಕ್ಕುತ್ತಿದ್ದರು. ನಾನು ದೂರದ ಜಾಲಿ ನೆರಳಲ್ಲಿ ಬುತ್ತಿ ಬಿಚ್ಚುತ್ತಿದ್ದೆ: ಕಟಕ್ ರೊಟ್ಟಿ, ಗುರೆಳ್ಳು ಚಟ್ನಿ, ಹೊಲದಿಂದ ಕಿತ್ತ ಹಸಿ ಹತ್ತರಕಿ ತಪ್ಪಲು, ಮೊಸರು. ಹಿಂದೊಮ್ಮೆ ತರಬೇತಿಗೆ ಹೋದಾಗ ಮೈಸೂರು ಕಡೆಯ ಗೆಳತಿಯೊಬ್ಬಳು ಇದೇ ಸೊಪ್ಪು ನೋಡಿ, "ಇದನ್ನ ನಮ್ ಕಡೆ ಹಸುಗೆ ಹಾಕ್ತಾರೆ" ಎಂದಿದ್ದಳು. ಎರಡು ದಿನ ಅವಳ ಜೊತೆ ಮಾತು ಬಿಟ್ಟಿದ್ದೆ. ಅದು ನೆನಪಾಯಿತು ನಿಜ, ಆದರೆ ಬುದ್ಧಿ ಬರಲಿಲ್ಲ. ಅವಳದು ಅಜ್ಞಾನ, ನನ್ನದು ಸ್ವಚ್ಛತೆ ಎಂದು ಲೆಕ್ಕ ಹಾಕಿಕೊಂಡೆ.

ಎರಡನೆಯ ವಾರ ನನ್ನ ಯೋಜನೆ ಸಿದ್ಧವಾಯಿತು. ಮೀನಿಗೆ ಅರಿಶಿನ ಮತ್ತು ಲಿಂಬೆರಸ ಹಚ್ಚುವುದು. ಬಯಲಿನಲ್ಲಿ ಹರವದೆ, ಪ್ಲಾಸ್ಟಿಕ್ ಹಾಳೆಯ ಡೇರೆಯೊಳಗೆ ಒಣಗಿಸುವುದು. ಒಳಗೆ ಕಾವು ಹೆಚ್ಚು, ಆದ್ದರಿಂದ ಮೂರು ದಿನದ ಕೆಲಸ ಎರಡೇ ದಿನಕ್ಕೆ ಮುಗಿಯುತ್ತದೆ. ಆಮೇಲೆ ಯಂತ್ರದಿಂದ ಮೊಹರು ಮಾಡಿದ ಪ್ಯಾಕೆಟ್. ಬಸ್ಸಿನಲ್ಲಿ ಪಕ್ಕದವರಿಗೂ ಗೊತ್ತಾಗದಂಥ ಒಣ ಮೀನು! ಸಾಹೇಬರು ಫೋನಿನಲ್ಲೇ ಭೇಷ್ ಎಂದರು. ಡೇರೆ ಕಟ್ಟಿ ಮೀನು ಹರವಿದ ಮರುದಿನ ಹಿರಿಯಾಕೆ ಅದರೊಳಗೆ ತಲೆ ಹಾಕಿ ನೋಡಿದಳು. ಪ್ಲಾಸ್ಟಿಕ್ಕಿನ ಒಳಮೈ ಮೇಲೆ ನೀರಿನ ಹನಿ ಕಟ್ಟಿತ್ತು.

"ಅಕ್ಕೋರ, ಇದು ಬೆವರಾಕತ್ತೈತಿ. ಮೀನಕ್ಕ ಬಿಸಿಲಷ್ಟ ಅಲ್ರಿ, ಗಾಳಿನೂ ಬೇಕು. ಇನ್ನೊಂದ ದಿನ ಹೊರಗ ಹಾಕೂಣು."

"ದೊಡ್ಡವ್ವ, ನೀವು ಮಾಡಿದ್ದಕ್ಕ ಅರ್ಜಿ ಬಂದೈತಿ. ಈಗ ನಾ ಹೇಳಿದಂಗ ಮಾಡ್ರಿ" ಎಂದೆ.

ಆ ಮಾತು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಮರುದಿನ ಎಲ್ಲರೂ ಕೂಡಿ ಪ್ಯಾಕೆಟ್ ತುಂಬಿದರು. ನಾನೇ ಮುಂದೆ ನಿಂತು ಮೊಹರು ಮಾಡಿದೆ.

ದೂರದ ಸಿಂದಗಿ ಸಂತೆಗೆ ಟಂಟಂ ಗಾಡಿ ಮಾಡಿಕೊಂಡು ಹೋದೆವು. ಉಳಿದವರು ಗೋಣಿ ಹಾಸಿ ಒಣ ಮೀನಿನ ರಾಶಿ ಹಾಕಿದ್ದರೆ, ನಮ್ಮದು ಮೇಜು, ಬಿಳಿ ಬಟ್ಟೆ, ಸಾಲು ಸಾಲು ಪ್ಯಾಕೆಟ್. ನೋಡುವವರು ಬಹಳ, ಕೊಳ್ಳುವವರು ಯಾರೂ ಇಲ್ಲ. ಜನ ಪ್ಯಾಕೆಟ್ ಎತ್ತಿ ಮೂಗಿನ ಹತ್ತಿರ ಹಿಡಿಯುತ್ತಿದ್ದರು, ಇಟ್ಟು ಮುಂದೆ ಹೋಗುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಹಿರಿಯಾಕೆಯ ಹಳೆಯ ಗಿರಾಕಿ ಬಂದಳು. ಸಂತೆಯಲ್ಲೇ ಬಳೆ ಮಾರುವ ಮುಸ್ಲಿಂ ಹೆಂಗಸು. ಬಹಳ ವರ್ಷಗಳಿಂದ ಹಿರಿಯಾಕೆಯ ಹತ್ತಿರವೇ ಮೀನು ಕೊಳ್ಳುವವಳು. ಅವಳೂ ಪ್ಯಾಕೆಟ್ ಮೂಸಿ ನೋಡಿದಳು.

"ವಾಸನೀನ ಇಲ್ಲಲ್ಲವಾ ಇದಕ್ಕ."

"ಅದ ಇದರ ವಿಶೇಷ್ರಿ" ಎಂದೆ ನಾನು, ಹೆಮ್ಮೆಯಿಂದ.

"ವಾಸನಿ ಇಲ್ಲಂದ್ರ ಒಳಗಿನ ಮೀನ ಹೆಂಗೈತಿ ಅಂತ ಹೆಂಗ ಗೊತ್ತಾಗಬೇಕ್ರಿ ನಮಗ? ಒಂದು ಒಡದು ತೋರಸ್ರಿ."

ಒಡೆದೆ. ಒಳಗಿನ ಮೀನಿನ ಮೈಮೇಲೆ ಬಿಳಿ ಬೂಸಲು ಕಟ್ಟಿತ್ತು. ಅವಳು ಒಂದನ್ನು ತೆಗೆದು ಬಗ್ಗಿಸಿದಳು. ಅದು ಮುರಿಯಲಿಲ್ಲ, ಚಪ್ಪಲಿಯ ಬಾರಿನಂತೆ ಬಾಗಿತು. ಅದನ್ನು ಹಿರಿಯಾಕೆಯ ಅಂಗೈಯಲ್ಲಿಟ್ಟು ಮೆಲ್ಲಗೆ ಹೇಳಿದಳು: "ಇದು ನೀ ಒಣಗಿಸಿದ ಮೀನ ಅಲ್ಲ ಬಿಡಕ್ಕಾ."

ಬೈದಿದ್ದರೆ ಚೆನ್ನಾಗಿತ್ತು. ಎಲ್ಲ ಪ್ಯಾಕೆಟ್ ಒಡೆದು ನೋಡಿದೆವು, ಮುಕ್ಕಾಲು ಭಾಗ ಹಾಳಾಗಿತ್ತು. ಟಂಟಂನಲ್ಲಿ ತುಂಬಿಕೊಂಡು ವಾಪಸು ಬಂದೆವು. ಅಷ್ಟನ್ನೂ ಊರಾಚೆ, ವಸತಿಮನೆಗಳಿಂದ ಬಹು ದೂರದಲ್ಲಿ, ಆಳ ತೆಗ್ಗು ತೋಡಿ ಹೂತೆವು. ಕೈ ತೊಳೆದುಕೊಳ್ಳುತ್ತ ಹಿರಿಯಾಕೆ, "ನಾಳಿಂದ ದೋಣ್ಯಾಗಿನ ಮೀನ ಗುತ್ತಿಗೆದಾರಗ ಕೊಡಾಕ ಹೇಳೇನ್ರಿ. ನೀವೂ ಮನಿಗೆ ಹೋಗ್ರಿ" ಎಂದಳು. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಅಳು ಬಂತು.

ಅಳು ಮುಗಿದ ಮೇಲೆ ಹಟ ಬಂತು. ಸಾಹೇಬರಿಗೆ ಫೋನ್ ಮಾಡಿ, ಪ್ಯಾಕೆಟ್ ಯೋಜನೆ ಪೂರ್ತಿ ನನ್ನದು, ಹೆಂಗಸರು ಬೇಡ ಎಂದಿದ್ದರು, ನಾನು ಕೇಳಲಿಲ್ಲ, ಮೀನು ಹಾಳಾಯಿತು ಎಂದು ಒಪ್ಪಿಕೊಂಡೆ. ಅವರು "ಇನ್ನ ಹದಿನೈದು ದಿನ ಅದಾವ ನೋಡ್ರಿ" ಎಂದಷ್ಟೇ ಹೇಳಿದರು.

ಅದಾದ ಮೂರನೆಯ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ವಸತಿಮನೆಗಳ ಕಡೆಗೆ ಹೋದೆ. ಅರ್ಜಿ ಬರೆದವರು ಅಲ್ಲಿನ ಗುಮಾಸ್ತರೊಬ್ಬರ ಹೆಂಡತಿ. ಮುದ್ದೇಬಿಹಾಳ ಕಡೆಯವರು, ನನ್ನಂತೆಯೇ ಮೀನು ಮುಟ್ಟದ ಮನೆಯವರು, ಮಾತು ಖಡಕ್ಕು. ಸಮಯ ಕೇಳಿಕೊಳ್ಳಬೇಕು, ಅರ್ಜಿಯನ್ನು ಸ್ವಲ್ಪ ದಿನ ತಡೆಹಿಡಿಯಿರಿ ಎನ್ನಬೇಕು ಎಂದು ಹೋದೆ.

"ಅಕ್ಕಾರ, ಎರಡ ದಿನ ಆತು, ಅಲ್ಲಿ ಒಂದ ಮೀನೂ ಹರವಿಲ್ರಿ" ಎಂದೆ.

ಅವರು ಬೀಸುತ್ತಿದ್ದ ಬೀಸಣಿಕೆ ನಿಲ್ಲಿಸಿ ನನ್ನನ್ನೇ ನೋಡಿದರು. "ಖರೇ ಹೇಳಾಕತ್ತೀರೇನು? ನಿನ್ನೆ ನಾ ಕಿಡಕಿ ತಗದಿಲ್ಲ. ಈಗ ಬರಾಕತ್ತೈತಲ್ಲ, ಇದೇನಿದು? ಆ ಅರಿವಿ ತಗದು ನೋಡ್ರಿ ನೀವ."

ನಾನು ಆಗಲೂ ಕರ್ಚೀಫು ಕಟ್ಟಿಕೊಂಡೇ ಕುಳಿತಿದ್ದೆ. ಹದಿನೈದು ದಿನ ವಾಸನೆಯ ಮೇಲೆ ಕೆಲಸ ಮಾಡಿದವಳು ಒಂದು ದಿನವೂ ಸರಿಯಾಗಿ ಉಸಿರೆಳೆದಿರಲಿಲ್ಲ. ಗಂಟು ಬಿಚ್ಚಿದೆ. ಜಗಲಿಯಲ್ಲಿ ನಿಂತು ಎದೆ ತುಂಬ ಗಾಳಿ ಎಳೆದುಕೊಂಡೆ. ಮತ್ತೊಮ್ಮೆ ಎಳೆದುಕೊಂಡೆ. ಇದು ದಿಬ್ಬದ ಮೇಲಿನ ವಾಸನೆಯಲ್ಲ. ಅದು ಉಪ್ಪುಪ್ಪಾಗಿ, ಒರಟಾಗಿ ಮೂಗಿಗೆ ಹತ್ತುತ್ತಿತ್ತು. ಇದು ಕೊಳೆತದ್ದು, ಸಿಹಿ ಬೆರೆತ ಕೊಳಕು, ಗಂಟಲಿಗೆ ಇಳಿಯುತ್ತಿತ್ತು. ಬೆಳಗಿನ ಗಾಳಿ ಮೂಡಲಿಂದ ಬೀಸುತ್ತಿತ್ತು. ದಿಬ್ಬ ಇರುವುದು ದಕ್ಷಿಣಕ್ಕೆ.

"ಅಕ್ಕಾರ, ಬರ್ತೇನಿ" ಎಂದು ಗಾಳಿಗೆ ಮುಖ ಕೊಟ್ಟು ನಡೆದೆ. ಕರ್ಚೀಫು ಅವರ ಜಗಲಿಯಲ್ಲೇ ಉಳಿಯಿತು.

ಮೂಗು ಹೇಳಿದ ಕಡೆ ಹೋದೆ. ಜಾಲಿ ಪೊದೆ ದಾಟಿ ಇಳಿದರೆ ಒಂದು ದೊಡ್ಡ ಹಾಸುಬಂಡೆ, ಅದರ ಬುಡದಲ್ಲಿ ತೆಗ್ಗು. ಮೀನು ಸೀಳಿ ತೆಗೆದ ಕರುಳು, ಕಿವಿರು, ಹುರುಪೆಗಳೆಲ್ಲ ಅಲ್ಲಿ ಬಿದ್ದಿದ್ದವು. ನಾಲ್ಕು ನಾಯಿ, ಹತ್ತಾರು ಬೆಳ್ಳಕ್ಕಿ. ಬೆಳಗಿನ ತಂಪು ಇರುವತನಕ ಅದು ಸುಮ್ಮನಿರುತ್ತಿತ್ತು. ಬಿಸಿಲೇರಿ ತೆಗ್ಗು ಕಾದಾಗ, ಅಂದರೆ ಹತ್ತರ ಸುಮಾರಿಗೆ, ಮೂಡಲ ಗಾಳಿ ಆ ನಾತವನ್ನು ಹೊತ್ತು ನೇರವಾಗಿ ವಸತಿಮನೆಗಳಿಗೆ ಒಯ್ಯುತ್ತಿತ್ತು. ಮಧ್ಯಾಹ್ನ ಗಾಳಿ ತಿರುಗುತ್ತಿತ್ತು, ನಾತವೂ ಬೇರೆ ದಾರಿ ಹಿಡಿಯುತ್ತಿತ್ತು. ಅಲ್ಲೇ ಒಂದು ಕಲ್ಲಿನ ಮೇಲೆ ಕುಳಿತು ವಾಂತಿ ಮಾಡಿಕೊಂಡೆ. ಆಮೇಲೆ ಮುಖ ತೊಳೆದುಕೊಂಡು ಹಿರಿಯಾಕೆಯ ಮನೆಗೆ ಹೋದೆ.

ಆಕೆ ನಂಬಲಿಲ್ಲ. "ನಮ್ಮತ್ತಿ ಕಾಲದಿಂದ ಆ ಬಂಡಿಗಲ್ಲಿನ ಬುಡಕ್ಕ ಹಾಕ್ತೇವ್ರಿ. ಎಂದೂ ಯಾರೂ ಒಂದ ಮಾತ ಅಂದಿಲ್ಲ. ಮೊದಲ ಪ್ಲಾಸ್ಟಿಕ್ ಅಂದ್ರಿ, ಈಗ ಇದು ಅಂತೀರಿ."

ಅನ್ನಬೇಕಾದದ್ದೇ. ಮೊದಲ ಸಲದಂತೆ ಹುಕುಂ ಮಾಡುವ ಮುಖ ನನಗೂ ಇರಲಿಲ್ಲ. "ನಾ ತಪ್ಪು ಮಾಡೇನಿ ದೊಡ್ಡವ್ವ. ಇದೂ ತಪ್ಪಿದ್ರ ನಾಳಿನಿಂದ ನಾ ಬರೂದಿಲ್ಲ. ಒಂದ ಸಲ ನನ್ನ ಜೋಡಿ ಬಂದು ನಿಂದರ್ರಿ, ಸಾಕು" ಎಂದೆ.

ಮರುದಿನ ಹತ್ತು ಗಂಟೆಗೆ ಇಬ್ಬರೂ ಆ ಬಂಡೆಯ ಮೇಲೆ ನಿಂತೆವು. ಆಕೆ ತೆಗ್ಗು ನೋಡಲಿಲ್ಲ, ಮೂಸಲೂ ಇಲ್ಲ. ಬಂಡೆಯಿಂದ ನೀರು ಎಷ್ಟು ದೂರ ಇದೆ ಎಂದು ನೋಡುತ್ತಿದ್ದಳು. ಮಳೆಗಾಲದಲ್ಲಿ ನೀರು ಬಂಡೆಗೆ ತಾಗುತ್ತದೆ. ಈಗ ಶಿವರಾತ್ರಿ ಹತ್ತಿರ ಬಂದಿತ್ತು, ಅಣೆಕಟ್ಟೆಯ ನೀರು ಕಾಲುವೆಗಳಿಗೆ ಹೋಗಿ ದಂಡೆ ಬಹಳ ಕೆಳಗೆ ಸರಿದಿತ್ತು. ನಡುವೆ ಬಿರುಕು ಬಿಟ್ಟ ಕಪ್ಪು ಮಣ್ಣು.

"ನಮ್ಮತ್ತಿ ಹಾಕೂಮುಂದ ಡ್ಯಾಮ ಇರಲಿಲ್ಲ, ಇದು ಹೊಳೀರಿ" ಎಂದಳು ಕೊನೆಗೆ. "ಹರೀತಿತ್ತು. ಹಾಕಿದ್ದನ್ನ ಹಾಕಿದಂಗ ಒಯ್ತಿತ್ತು. ಈಗಿನ ನೀರು ಬರ್ತೈತಿ, ಹೋಗ್ತೈತಿ. ಏನೂ ಒಯ್ಯೂದಿಲ್ಲ." ಬಂಡೆಯಿಂದ ಇಳಿಯುತ್ತ, "ಇಷ್ಟ ವರ್ಷ ಆತು, ನಾನೂ ನೋಡ್ಲಿಲ್ಲ ನೋಡ್ರಿ" ಎಂದಳು.

ಅಂದು ಮಧ್ಯಾಹ್ನವೇ ಏಳೂ ಜನ ಸನಿಕೆ ಬುಟ್ಟಿ ಹಿಡಿದು ಬಂದರು. ಹಳೆಯ ತೆಗ್ಗನ್ನು ಬಳಿದು ತೆಗೆಯಲು ಎರಡು ದಿನ ಹಿಡಿಯಿತು. ನಾನೂ ಬುಟ್ಟಿ ಹೊತ್ತೆ. ಹೊರದೆ ಹೇಳುವ ಹಕ್ಕು ನನಗೆ ಉಳಿದಿರಲಿಲ್ಲ. ವಸತಿಮನೆಗಳಿಂದ ದೂರ, ಗಾಳಿಯ ದಾರಿ ತಪ್ಪಿಸಿ, ಉದ್ದನೆಯ ಹೊಸ ತೆಗ್ಗು ತೋಡಿದೆವು. ಒಂದು ಬುಟ್ಟಿ ಕರುಳಿಗೆ ಎರಡು ಬುಟ್ಟಿ ಒಣ ಮಣ್ಣು, ನಡುವೆ ಒಲೆಯ ಬೂದಿ ಮತ್ತು ಕಬ್ಬಿನ ಒಣಗರಿಯ ರವದಿ. ದೋಣಿಯ ಮೀನು ಮತ್ತೆ ದಿಬ್ಬಕ್ಕೇ ಬರತೊಡಗಿತು. ಬೆಳಗಿನ ಕೆಲಸ ಮುಗಿದ ಕೂಡಲೇ ಮುಚ್ಚಬೇಕು, ಸಂಜೆಗೆ ಎಂದು ಬಿಡುವಂತಿಲ್ಲ. ಮೀನು ತೊಳೆದ ನೀರಿಗೆ ಬೇರೆ ಗುಂಡಿ ತೋಡಿ ಗರಸು ಕಲ್ಲು ತುಂಬಿದೆವು. ಮೂರನೆಯ ದಿನ ನಾಯಿಗಳು ತೆಗ್ಗನ್ನು ಕೆದರಿ ಎಲ್ಲವನ್ನೂ ಹರವಿ ಹಾಕಿದವು. ಮತ್ತೆ ತುಂಬಿ, ಮೇಲೆ ಜಾಲಿ ಮುಳ್ಳು ಹೇರಿದೆವು. ದಿಬ್ಬದ ಮೇಲೂ ನೆಲಕ್ಕೆ ಹರವುವುದನ್ನು ಬಿಟ್ಟು, ಬಿದಿರು ಕಟ್ಟಿ ಹಳೆಯ ಬಲೆ ಬಿಗಿದು ಅಟ್ಟಣಿಗೆ ಮಾಡಿದೆವು. ಇದು ಹಿರಿಯಾಕೆಯ ಯೋಚನೆ. ಕೆಳಗಿನಿಂದಲೂ ಗಾಳಿ ಆಡಿ ಮೀನು ಬೇಗ ಒಣಗಿತು, ಮಣ್ಣು ಹತ್ತಲಿಲ್ಲ.

ನಾನು ದಿನಾ ಹತ್ತು ಗಂಟೆಗೆ ಗುಮಾಸ್ತರ ಮನೆಯ ಜಗಲಿಯಲ್ಲಿ ಹಾಜರಾಗುತ್ತಿದ್ದೆ. ಆ ಅಕ್ಕ ಮೊದಮೊದಲು ಬಾಗಿಲಲ್ಲೇ ನಿಂತು ಉತ್ತರ ಕೊಡುತ್ತಿದ್ದರು. ಆಮೇಲೆ ಇಬ್ಬರೂ ಕೂಡಿ ಗಾಳಿ ಮೂಸತೊಡಗಿದೆವು. "ಇವತ್ತ ಭಾಳ", "ಇವತ್ತ ಅರ್ಧ", "ಇವತ್ತ ಗಾಳೀನ ಇಲ್ಲ, ಲೆಕ್ಕಕ್ಕ ಹಿಡೀಬ್ಯಾಡ್ರಿ" ಎಂದು ಅವರೇ ಹೇಳಿ ಬರೆಸುತ್ತಿದ್ದರು. ನಾಯಿ ಕೆದರಿದ ದಿನ ಅವರ ಹುಬ್ಬು ಗಂಟಿಕ್ಕಿತು, ನಾನು ಕಾರಣ ಹೇಳಿದೆ, ಅದನ್ನೂ ಬರೆಯಿರಿ ಎಂದರು. ಮೂಸುವುದರಲ್ಲಿ ಅವರು ನನಗಿಂತ ಗಟ್ಟಿ. ಕಸದ ಗಾಡಿ ಬಂದದ್ದು, ಪಕ್ಕದ ಮನೆಯ ಮೋರಿ ಕಟ್ಟಿದ್ದು ಎಲ್ಲವನ್ನೂ ಬೇರೆ ಬೇರೆ ಮಾಡಿ ಹೇಳುತ್ತಿದ್ದರು.

ತಿಂಗಳು ತುಂಬಿದ ದಿನ ಸಾಹೇಬರು ಬಂದರು. ಬರುವ ಹೊತ್ತು ನಾನೇ ಕೇಳಿಕೊಂಡಿದ್ದೆ, ಹತ್ತಕ್ಕೇ ಬನ್ನಿ ಎಂದು. ಹಿಂದಿನ ದಿನ ಗುಂಪಿನ ಒಬ್ಬಾಕೆ, "ಅಕ್ಕೋರ, ಒಂದಿನ ಮೀನ ಹಾಕೂದ ಬ್ಯಾಡ, ನೆಲಕ್ಕ ಫಿನಾಯಿಲ್ ಹೊಡದ ಬಿಡೂಣು" ಎಂದಿದ್ದಳು. ನಾನು ಏನಾದರೂ ಹೇಳುವ ಮೊದಲೇ ಹಿರಿಯಾಕೆ ಬೇಡ ಎಂದಳು. "ಇದ್ದದ್ದ ಇದ್ದಂಗ ನೋಡಲಿ. ದಿನಾ ಹಾಕುವಷ್ಟ ಹಾಕ್ರಿ." ಅಟ್ಟಣಿಗೆ ತುಂಬ ಮೀನು ಹರವಿಯೇ ಅವರನ್ನು ಬರಮಾಡಿಕೊಂಡೆವು. ವಸತಿಮನೆಗಳಿಂದ ಎಂಟು ಹತ್ತು ಜನ ಬಂದಿದ್ದರು, ಮುಂದೆ ಗುಮಾಸ್ತರ ಹೆಂಡತಿ. ದಿಬ್ಬಕ್ಕೆ ಬರುವ ಮೊದಲು ಸಾಹೇಬರೂ ಸೇರಿ ಎಲ್ಲರೂ ಅವರ ಜಗಲಿಯಲ್ಲೇ ಕಾಲು ಗಂಟೆ ನಿಂತು ಬಂದಿದ್ದರು.

ಸಾಹೇಬರು ಅಟ್ಟಣಿಗೆಯ ಮುಂದೆ ನಿಂತು ಕೈವಸ್ತ್ರ ಮೂಗಿಗೆ ಒತ್ತಿಕೊಂಡರು.

"ವಾಸನಿ ಹೋಗಬೇಕು ಅಂದಿದ್ದೆ ನಾನು. ಐತಲ್ಲ ಇನ್ನ?"

"ಐತ್ರಿ" ಎಂದಳು ಹಿರಿಯಾಕೆ. ಆಕೆಯ ಕೈಗಳು ಮೀನು ಮಗುಚುತ್ತಲೇ ಇದ್ದವು. "ಇದು ಮೀನದ ವಾಸನ್ರಿ. ಇದು ಹೋತಂದ್ರ ನಮ್ಮ ಮೀನ ಯಾರೂ ತಗೊಳ್ಳಂಗಿಲ್ಲ."

ಸಾಹೇಬರು ಅರ್ಜಿ ಬಿಚ್ಚಿ ಗುಮಾಸ್ತರ ಹೆಂಡತಿಯ ಕಡೆ ತಿರುಗಿದರು. "ಅರ್ಜಿ ನಿಮ್ಮದು. ನೀವ ಹೇಳ್ರಿ. ತಗಸಬೇಕೋ?"

ಅವರು ಸೆರಗು ಸರಿಮಾಡಿಕೊಂಡು ಅಟ್ಟಣಿಗೆಯ ಹತ್ತಿರ ಬಂದರು. ಹಿಂದೆ ನಿಂತಿದ್ದವರು ಬೇಡ ಎನ್ನುತ್ತಿರುವಾಗಲೇ, ಬಲೆಯ ಮೇಲೆ ಬಾಗಿ ಉಸಿರೆಳೆದುಕೊಂಡರು. ಮುಖ ಸಿಂಡರಿಸಿದರು, ಕಣ್ಣಲ್ಲಿ ನೀರು ಬಂತು. ನಾನು ಕಂಬ ಹಿಡಿದು ನಿಂತಿದ್ದೆ. ಹಿರಿಯಾಕೆಯ ಕೈ ಈಗ ನಿಂತಿತ್ತು.

"ಇದು ನನಗ ಸೇರೂದಿಲ್ರಿ. ನಾ ಸಾಯೂತನಕ ಸೇರೂದಿಲ್ಲ" ಎಂದರು ಅವರು. "ಆದ್ರ ನಾ ಅರ್ಜಿ ಬರದದ್ದು ಈ ವಾಸನಿ ಮ್ಯಾಲ ಅಲ್ರಿ. ಆ ವಾಸನಿ ಹೋಗೇತಿ."